ಮೂರನೇ ಗುಂಡು ಎಲ್ಲಿ ಬಿತ್ತು?

ಗುಂಡು ಎಲ್ಲಿ ಬಿತ್ತು ಅಂತ ಹಾರಿಸಿದವನೇ ನೋಡಬೇಕು ಅನ್ನೋದು ನಮಗೆ ಗುರಿ ಕಲಿಸುವ ಉಸ್ತಾದರ ಹಟ. ಉಮರ್ಗಾ ಊರಿನ ಆಚೆ ಗುಡ್ಡದ ಬುಡದಲ್ಲಿ, ಬಂದೂಕು ಹಿಡಿದು ಕಾವಲು ಕಾಯುವ ನಮಗೆಲ್ಲ ದೂರದ ಗುರಿಯ ಅಭ್ಯಾಸ ನಡೆದಿತ್ತು. ನನ್ನ ಮೂರನೇ ಗುಂಡು ಗುರಿಯ ಹಲಗೆಗೆ ತಾಗಲಿಲ್ಲ, ನೆಲಕ್ಕೆ ಬಿದ್ದು ಧೂಳು ಎದ್ದದ್ದೂ ಕಾಣಲಿಲ್ಲ. ಹಾಗಾದರೆ ಹೋದದ್ದೆಲ್ಲಿಗೆ?

ಅಷ್ಟರಲ್ಲಿ ಬದಿಯ ಇಳಿಜಾರಿನಿಂದ ಕುರಿ ಕಾಯುವ ಮುದುಕರೊಬ್ಬರು ಕೈ ಬೀಸುತ್ತ ಓಡಿ ಬಂದರು. ಉಸ್ತಾದರು ಕೆಂಪು ಬಾವುಟ ಎತ್ತಿ ಎಲ್ಲರನ್ನೂ ನಿಲ್ಲಿಸಿದರು. ನಾನು ಎದ್ದು ಮುದುಕರನ್ನು ಕೇಳಿದೆ.

"ಕಾಕಾ, ಕುರಿಗೆ ಬಿತ್ತೇನ್ರೀ?"

"ನಮ್ಮ ದೇವರು ಬೀರಪ್ಪ ಕಾಯ್ದಾನ. ಆ ಕರಿ ಬಂಡೆಗಲ್ಲಿನ ಕೆಳಗ ಧೂಳ ಎದ್ದದ್ದು ನಾ ನೋಡೀನಿ. ನೀ ನೋಡಲಿಲ್ಲೇನು?"

"ಇಲ್ರೀ."

"ಹಂಗಾದ್ರ ಕಣ್ಣ ಮುಚ್ಚೀದಿ, ತಮ್ಮಾ. ಕುರಿ ತಿರುಗಸಾಕ ನಾವೂ ಕಲ್ಲ ಒಗೀತೀವಿ. ಅದು ನೆಲಕ್ಕ ಬೀಳೂತನಕ ಕಣ್ಣ ಕೀಳೂದಿಲ್ಲ. ಕಿತ್ರ ಕುರಿ ಕಾಲ ಮುರೀತದ."

ಉಸ್ತಾದರು ನನ್ನನ್ನೇ ದುರುಗುಟ್ಟಿ ನೋಡಿದರು. ಕುರಿ ದೂರ ಹೋದ ಮೇಲೆ ಮತ್ತೆ ಬೋರಲು ಮಲಗಿ ಗುರಿ ಹಿಡಿದು ಹಾರಿಸಿದೆ. ಕಣ್ಣು ಮಿಟುಕಿಸಲಿಲ್ಲ. ಹಲಗೆಯ ಎಡಕ್ಕೆ ಧೂಳು ಎದ್ದದ್ದು ಸ್ಪಷ್ಟವಾಗಿ ಕಂಡಿತು. ತಪ್ಪಿದ್ದನ್ನಾದರೂ ನಾನೇ ನೋಡಿದೆ ಎಂದು ಹಿಗ್ಗಿ ತಿರುಗಿದರೆ, ಕಾಕಾ ದೂರದಲ್ಲಿ ನಿಂತು ಒಂದೂ ಕಡಿಮೆಯಾಗಿಲ್ಲ ತಾನೇ ಎಂದು ಕುರಿ ಎಣಿಸುತ್ತಿದ್ದರು.