ನ್ಯೂಟನ್‌ನ ಅವ್ವನ ಮಾತು

ನಮ್ಮ ಹಗರಿಬೊಮ್ಮನಹಳ್ಳಿ ಹೈಸ್ಕೂಲಿನ ವಿಜ್ಞಾನ ಟೀಚರ್ ಮಾಳಮ್ಮನಿಗೆ ನ್ಯೂಟನ್ ಎಂದರೆ ಒಡಹುಟ್ಟಿದ ತಮ್ಮನಿದ್ದ ಹಾಗೆ. ಅವನ ನಿಯಮಗಳನ್ನು ಬೇಗ ಮುಗಿಸುತ್ತಾಳೆ, ಬಾಲ್ಯವನ್ನು ಮಾತ್ರ ಎಳೆದೇ ಎಳೆಯುತ್ತಾಳೆ. ಹುಟ್ಟುವ ಮೊದಲೇ ಅಪ್ಪ ಸತ್ತ, ಕೂಸು ತಂಬಿಗೆಯೊಳಗೆ ಹಿಡಿಸುವಷ್ಟು ಸಣ್ಣದು, ಮೂರು ವರ್ಷಕ್ಕೆ ತಾಯಿ ಬೇರೆ ಮದುವೆಯಾಗಿ ಅಜ್ಜಿಯ ಹತ್ತಿರ ಬಿಟ್ಟುಹೋದಳು. ಪಕ್ಕದ ಕ್ಲಾಸಿನಲ್ಲಿ ಕನ್ನಡ ಕಲಿಸುವ ನನಗೂ ಇದೆಲ್ಲ ಬಾಯಿಪಾಠ.

ಅದು ಅವಳದೇ ಕಥೆ ಕೂಡ. ಅವಳನ್ನು ಬೆಳೆಸಿದ್ದು ಕೊಟ್ಟೂರಿನ ಅಜ್ಜಿ. ತಾಯಿ ಮಂಜಮ್ಮ ಎರಡನೇ ಮದುವೆಯಾಗಿ ಹಲವಾಗಲಿಗೆ ಹೋದಳು. ಆ ಗಂಡನಿಗೆ ಮೊದಲಿನ ಕೂಸು ಬೇಡವಾಗಿತ್ತು. "ನಾ ಮಲಗಿದ್ದಾಗ ಕಳ್ಳಿ ಹಂಗ ಹೋದ್ಲು. ಒಂದ್ ಮಾತು ಹೇಳ್ಲಿಲ್ಲ" ಎಂದು ಮಾಳಮ್ಮ ಒಮ್ಮೆ ಹೇಳಿದ್ದಳು. ಅವಳ ಬಾಯಲ್ಲಿ "ಅವ್ವ" ಎಂಬ ಶಬ್ದವನ್ನೇ ನಾನು ಕೇಳಿರಲಿಲ್ಲ. "ಹಲವಾಗಲಿನಾಕಿ" ಅಷ್ಟೇ.

ಈ ಸಲ ವಿಜ್ಞಾನ ದಿನಕ್ಕೆ ನ್ಯೂಟನ್‌ನ ಬಾಲ್ಯವನ್ನು ದೊಡ್ಡಾಟವಾಗಿ ಆಡಿಸುವ ಹುಚ್ಚು ಅವಳಿಗೆ ಹತ್ತಿತು. ಹಾಡು, ಕುಣಿತ ಕಲಿಸಲು ಬಯಲಾಟದ ಚೌಡಣ್ಣ ಮಾಸ್ತರು ಬಂದರು. ಮಾಳಮ್ಮ ಬರೆದ ಆಟದಲ್ಲಿ ನ್ಯೂಟನ್‌ನ ಅಜ್ಜಿ ಮಂಡಕ್ಕಿ ಒಗ್ಗರಣೆ ಮಾಡಿಕೊಡುತ್ತಾಳೆ, ಹಾಡಿನ ಮೇಲೆ ಹಾಡು ಹೇಳುತ್ತಾಳೆ. ತಾಯಿ ಮಾತ್ರ ಬಂದು, ಕೂಸನ್ನು ಇಟ್ಟು, ಮೂಕಿಯ ಹಾಗೆ ಹೋಗಿಬಿಡುತ್ತಾಳೆ.

ಚೌಡಣ್ಣ ತಾಳ ಕೆಳಗಿಟ್ಟರು. "ಹಿಂಗ ಆಗಂಗಿಲ್ರಿ ಟೀಚರ. ದೊಡ್ಡಾಟದಾಗ ಯಾರು ಬಂದ್ರೂ 'ತಾವು ಯಾರು, ಬಂದ ಕಾರಣ ಏನು' ಅಂತ ಆಟ ನಡೆಸೋ ಸಾರಥಿ ಕೇಳ್ತಾನ. ರಾಕ್ಷಸ ಬಂದ್ರೂ ಕೇಳ್ತಾನ. ಉತ್ತರ ಕೊಡದ ಯಾರೂ ರಂಗದಿಂದ ಇಳ್ಯಂಗಿಲ್ಲ."

"ಆಕಿ ಹತ್ರ ಉತ್ತರ ಇಲ್ರಿ."

"ಆಕಿನ್ನ ಕೇಳಿ ನೋಡೀರೇನು?"

ಯಾವಾಗಲೋ ಸತ್ತ ಇಂಗ್ಲೆಂಡಿನ ಹೆಂಗಸನ್ನು ಎಲ್ಲಿ ಹುಡುಕುವುದು ಎಂದು ನಾನು ನಕ್ಕೆ. ಮಾಳಮ್ಮ ನಗಲಿಲ್ಲ.

ಭಾನುವಾರ ನನ್ನನ್ನೂ ಎಳೆದುಕೊಂಡು ಹರಪನಹಳ್ಳಿ ಮೇಲೆ ಹಲವಾಗಲಿಗೆ ಹೊರಟಳು. ಮಂಜಮ್ಮ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಕೂಡು ಅಂದರೂ ಮಾಳಮ್ಮ ಕೂಡಲಿಲ್ಲ.

"ಯಾಕ ಹೇಳದ ಹೋದಿ?"

ಮಂಜಮ್ಮನ ಕೈಯಲ್ಲಿದ್ದ ಮೊರ ನಿಂತಿತು. "ನೀ ಎಚ್ಚರ ಇದ್ದಾಗ್ಲೂ ಹೊಂಟಿದ್ನವಾ. ಸೆರಗು ಹಿಡ್ಕೊಂಡಿ. ತಿರುಗಿ ಒಳಗ ಬಂದೆ. ನೀ ಮಲಗಿದ್ರಷ್ಟ ನನಗ ಹೋಗಾಕ ಆಗ್ತಿತ್ತು."

ಬರುವಾಗ ಬಸ್ಸಿನಲ್ಲಿ ಮಾಳಮ್ಮ ಬಿಕ್ಕಿಬಿಕ್ಕಿ ಅತ್ತಳು. ಸಮಾಧಾನ ಹೇಳಬೇಕಾದ ನಾನೂ ಅತ್ತೆ. ಕಂಡಕ್ಟರು ಯಾರೋ ಸತ್ತಿದ್ದಾರೆಂದು ತಿಳಿದು ಮುಂದಿನ ಸೀಟು ಬಿಡಿಸಿಕೊಟ್ಟ.

ಆಟದ ದಿನ ಸಾರಥಿ ಕೇಳಿದ. ತಾಯಿಯ ವೇಷದಲ್ಲಿದ್ದ ಒಂಬತ್ತನೇ ತರಗತಿಯ ದುರ್ಗಾದೇವಿ ಹಲವಾಗಲಿನ ಆ ಮಾತನ್ನೇ, ಒಂದಕ್ಷರ ಬದಲಿಸದೆ, ಮೈಕಿನಲ್ಲಿ ಹೇಳಿದಳು. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೊಸ ಸೀರೆಯ ಮುದುಕಿಯೊಬ್ಬಳು ತಲೆ ತಗ್ಗಿಸಿ ಕೂತಿದ್ದಳು.

ಆಟ ಮುಗಿದ ಮೇಲೆ ಮಾಳಮ್ಮ ಆ ಮುದುಕಿಯ ಹತ್ತಿರ ನಿಂತಿದ್ದಾಗ ಚೌಡಣ್ಣ ಬೆವರು ಒರೆಸಿಕೊಳ್ಳುತ್ತ ಅತ್ತ ಬಂದರು.

"ಟೀಚರ, ಇವ್ರು ಯಾರು ಗೊತ್ತಾಗ್ಲಿಲ್ರಿ?"

ಮುದುಕಿ ಗಾಬರಿಯಾಗಿ ಎದ್ದು ಹೊರಡಲು ನೋಡಿದಳು. ಮಾಳಮ್ಮ ಅವಳ ಸೆರಗು ಹಿಡಿದು ನಿಲ್ಲಿಸಿದಳು.

"ನಮ್ಮವ್ವ ರೀ," ಅಂದಳು.