ಅಪ್ಪನಿಗೆ ಪಾಸ್ತಾ ಕಲಿಸಿದವರು

ಇವತ್ತು ಸಂಜೆ ಕೆಲಸದಿಂದ ಬಂದಾಗ ಕುಕ್ಕರಿನ ಗ್ಯಾಸ್ಕೆಟ್ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು, ಕುಕ್ಕರ್ ಮಾತ್ರ ಒಲೆಯ ಮೇಲಿತ್ತು. ನಿಮ್ಮ ಮನೆಯಲ್ಲಾದರೆ ಯಾರೋ ಮರೆತಿದ್ದಾರೆ ಎಂದುಕೊಳ್ಳುತ್ತೀರಿ. ನಮ್ಮ ಮನೆಯಲ್ಲಿ ಅಪ್ಪ ಚೀಸ್ ಹಾಕಿ ಪಾಸ್ತಾ ಬೇಕ್ ಮಾಡುತ್ತಿದ್ದಾರೆ ಎಂದು ಅದರರ್ಥ. ಅದನ್ನು ಕಂಡಾಗ ನನಗೆ ಹಸಿವಿಗಿಂತ ಮೊದಲು ಅನುಮಾನ ಹುಟ್ಟುತ್ತದೆ. ಎರಡು ವರ್ಷದ ಅಭ್ಯಾಸ ಅದು.

ಅದಕ್ಕೂ ಮುಂಚೆ ಅಪ್ಪ ಒಲೆ ಹಚ್ಚಿದ್ದನ್ನು ನಾನು ಕಂಡಿರಲಿಲ್ಲ. ಅವರಿಗೆ ಊರ ಪಕ್ಕದ ಸತ್ಯಮಂಗಲದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸ. ಅಮ್ಮ ತೀರಿಕೊಂಡ ಮೇಲೂ ಸಕ್ಕರೆ ಎಲ್ಲಿದೆ ಎಂದು ಕೂತಲ್ಲಿಂದಲೇ ಕೇಳುತ್ತಿದ್ದವರು. ಅಂಥವರು ಒಂದು ಭಾನುವಾರ ಗ್ಯಾಸ್ಕೆಟ್ಟು, ವಿಷಲ್ಲು ಎರಡನ್ನೂ ತೆಗೆದಿಟ್ಟು, ಕುಕ್ಕರಿನ ತಳಕ್ಕೆ ಕಲ್ಲುಪ್ಪು ಹರಡಿ, ಒಳಗೊಂದು ತಟ್ಟೆ ಬೋರಲು ಹಾಕಿ ಓವನ್ನಿನಂತೆ ಕಾಯಲು ಬಿಟ್ಟರು. ಪಾಸ್ತಾವನ್ನು ಪೂರ್ತಿ ಬೇಯುವ ಮೊದಲೇ ಬಸಿದರು. ಬೆಣ್ಣೆಯಲ್ಲಿ ಮೈದಾ ಹುರಿಯುತ್ತ ನಡುವೆ ಬಗ್ಗಿ ಮೂಸಿದರು, ಆಮೇಲೆ ಹಾಲು ಹೊಯ್ದರು. ಒಂದೂ ಗಂಟಾಗಲಿಲ್ಲ. ಯಾರು ಹೇಳಿಕೊಟ್ಟರು ಎಂದು ಕೇಳಿದೆ.

"ಮೊಬೈಲಲ್ಲಿ ನೋಡ್ದೆ" ಎಂದರು.

ಮೊಬೈಲಿನಲ್ಲಿ ಅಪ್ಪ ನೋಡುವುದು ಕೊಬ್ಬರಿ ರೇಟು ಮತ್ತು ಕಬಡ್ಡಿ. ಅಲ್ಲದೆ, ಮೂಸುವುದನ್ನು ಯಾವ ಮೊಬೈಲೂ ಕಲಿಸುವುದಿಲ್ಲ.

ನಾನು ಅನುಮಾನವನ್ನೂ ಕ್ರಮವಾಗಿ ಪಡುವವಳು. ಓದಿದ ಎಂಎಸ್ಸಿ ಬೇರೆಲ್ಲೂ ಅಷ್ಟು ಉಪಯೋಗಕ್ಕೆ ಬಂದಿಲ್ಲ. ಅಪ್ಪನ ಫೋನ್ ಮುಟ್ಟುವಷ್ಟು ಸಣ್ಣವಳಲ್ಲ ಎಂದುಕೊಂಡೆ. ಅದರ ಲಾಕ್ ಗೊತ್ತಿರಲಿಲ್ಲ ಎನ್ನುವುದೂ ನಿಜ. ಹಾಗಾಗಿ ಅವರ ಊಟದ ಬ್ಯಾಗ್ ತೆರೆದೆ. ತೊಳೆದು ಒರೆಸಿದ ಒಂದು ಸ್ಟೀಲ್ ಡಬ್ಬಿ ಸಿಕ್ಕಿತು. ನಮ್ಮ ಪಾತ್ರೆಗಳ ಮೇಲೆಲ್ಲ ಅಮ್ಮನ ಹೆಸರು ಕೊರೆದಿದೆ. ಇದರ ಮೇಲೆ 'ನಾಗರತ್ನ, ಕುಣಿಗಲ್' ಎಂದಿತ್ತು.

ಅಮ್ಮನ ಜಾಗಕ್ಕೆ ಯಾರೋ ಬರುತ್ತಿದ್ದಾರೆ. ಕೂಗಾಡುವುದು ನನ್ನ ಸ್ವಭಾವವಲ್ಲ. ಡಬ್ಬಿಯನ್ನು ತಂದು ಊಟದ ಟೇಬಲ್ಲಿನ ನಡುವೆ ಇಟ್ಟೆ. ಮಿಕ್ಕದ್ದನ್ನು ಅಜ್ಜಿ ನೋಡಿಕೊಳ್ಳುತ್ತಾಳೆ ಎಂದು ನನ್ನ ಲೆಕ್ಕ.

ಅಜ್ಜಿ ಅಪ್ಪನ ತಾಯಿ, ಹಾಗಲವಾಡಿಯವಳು, ನಮ್ಮ ಜೊತೆಯಲ್ಲೇ ಇದ್ದಾಳೆ. ಹಾಲಿನವನನ್ನೂ ನಂಬುವವಳಲ್ಲ. ತಟ್ಟೆಯಿಂದ ಎಳೆಎಳೆಯಾಗಿ ಬಂದ ಚೀಸನ್ನು ಬೆರಳಿಗೆ ಸುತ್ತಿಕೊಂಡು, "ಏನ್ಲಾ ಇದು, ಹಲಸಿನ ಮೇಣ ಇದ್ದಂಗೈತೆ" ಎಂದಳು. ಆದರೂ ಎರಡನೇ ಸಲ ಹಾಕಿಸಿಕೊಂಡಳು. ಆಮೇಲೆ ಡಬ್ಬಿ ಕಣ್ಣಿಗೆ ಬಿತ್ತು. ಅವಳಿಗೆ ಓದಲು ಬರುವುದಿಲ್ಲ. ಹೆಸರಿದ್ದ ಕಡೆಯನ್ನು ನನ್ನತ್ತ ತಿರುಗಿಸಿದಳು. ಓದಿದೆ. ಅಪ್ಪ ತಲೆ ಎತ್ತದೆ, ತಮ್ಮ ಜೊತೆ ಕೆಲಸ ಮಾಡುವವರೆಂದೂ, ಗಂಡ ಇಲ್ಲವೆಂದೂ, ಪಾಸ್ತಾ ಅವರೇ ಕಲಿಸಿದ್ದೆಂದೂ ಹೇಳಿದರು.

ಅಜ್ಜಿ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿದಳು.

"ಬರೀ ಡಬ್ಬಿ ವಾಪಸ್ ಕೊಡಬ್ಯಾಡ ಕಣ್ಲಾ. ಇದ್ನೇ ಒಂದಿಷ್ಟು ಹಾಕ್ಕೊಡು. ಏನಂದ್ಕೊಂಡಾಳು ಆಯಮ್ಮ."

ಅಪ್ಪ ಸೌಟು ಮುಟ್ಟಲಿಲ್ಲ. ನನ್ನ ಮುಖ ನೋಡುತ್ತ ಕೂತರು. ಕೊನೆಗೆ ನಾನೇ ಎದ್ದು ಡಬ್ಬಿಗೆ ಅರ್ಧದಷ್ಟು ತುಂಬಿದೆ. ಪೂರ್ತಿ ತುಂಬುವಷ್ಟು ದೊಡ್ಡ ಮನಸ್ಸು ಅವತ್ತು ಇರಲಿಲ್ಲ.

ಆಮೇಲೆ ಎರಡು ವರ್ಷ ಡಬ್ಬಿಗಳು ಓಡಾಡಿದವು. ಅತ್ತಲಿಂದ ಹಿತಕಿದ ಅವರೆಬೇಳೆ ಸಾರು, ಇತ್ತಲಿಂದ ಒಬ್ಬಟ್ಟು. ನಾಗರತ್ನ ಅವರು ಮಾತ್ರ ಬರಲಿಲ್ಲ. ನಿಮ್ಮ ಮಗಳು ಕರೆಯದೆ ಹೊಸಿಲು ತುಳಿಯುವುದಿಲ್ಲ ಎಂದಿದ್ದರಂತೆ. ಇದೂ ಒಂದು ಉಪಾಯವಿರಬಹುದೆಂದು ನಾನು ಬಹಳ ದಿನ ಸುಮ್ಮನಿದ್ದೆ. ಕಳೆದ ವಾರ ಫೋನ್ ಮಾಡಿ ಕರೆದೆ.

ಇವತ್ತು ಬಂದರು. ತೆಳ್ಳಗಿನ ಹೆಂಗಸು, ಕುರ್ಚಿಯ ತುದಿಯಲ್ಲಿ ಕೂತರು. ಅಪ್ಪ ಗಾಬರಿಯಲ್ಲಿ ಉರಿ ಜಾಸ್ತಿ ಮಾಡಿ ಪಾಸ್ತಾ ತಳ ಹಿಡಿಸಿದ್ದರು. ನಮ್ಮಲ್ಲಿ ನೆಂಟರಿಗೆ ತಳ ಹಿಡಿದದ್ದನ್ನು ತೋರಿಸುವುದಿಲ್ಲ, ಮೇಲಿನದನ್ನಷ್ಟೇ ಬಡಿಸಿ ಸುಮ್ಮನಾಗುತ್ತೇವೆ. ನಾನು ಸೌಟು ಹಿಡಿದು ಅವರ ಪಕ್ಕ ನಿಂತು, "ತಳ ಸೀದೋಗಿದೆ" ಎಂದೆ.

"ಅದ್ನೇ ಹಾಕವ್ವ. ನಂಗೆ ಅದೇ ಇಷ್ಟ."

ನಿಜವೋ, ಅಪ್ಪನ ಮರ್ಯಾದೆ ಉಳಿಸಲು ಹೇಳಿದ್ದೋ ತಿಳಿಯಲಿಲ್ಲ. ಕೆರೆದು ಬಡಿಸಿದೆ. ಮುಖ ಕಿವುಚುತ್ತಾರೇನೋ ಎಂದು ಕಾದೆ, ಕಿವುಚಲಿಲ್ಲ. ಪಕ್ಕದಲ್ಲಿ ಕೂತು ನನ್ನ ತಟ್ಟೆಗೂ ಸೀದದ್ದನ್ನೇ ಒಂದಿಷ್ಟು ಹಾಕಿಕೊಂಡು ಬಾಯಿಗಿಟ್ಟೆ.

ಕಹಿಯಿತ್ತು. ಅವರು ತಿನ್ನುತ್ತಲೇ ಇದ್ದರು.