ಥರ್ಮಾಮೀಟರಿಗೆ ಕೂಲರ್ ಗಾಳಿ

ಮೂರು ವಾರದ ಹಿಂದೆ ಕಲಬುರಗಿಯಲ್ಲಿ, ನಮ್ಮ ಬೀಗರ ಮನೆಯ ಪಡಸಾಲೆಯಲ್ಲಿ ಒಂದು ದೃಶ್ಯ ನೋಡಿದೆ. ಗೋಡೆಯ ಮೊಳೆಗೆ ಒಂದು ಥರ್ಮಾಮೀಟರ್ ನೇತುಬಿದ್ದಿತ್ತು. ಅದರ ಎದುರಿಗೆ, ಮೂರೇ ಅಡಿ ದೂರದಲ್ಲಿ, ಎದೆಯೆತ್ತರದ ಕೂಲರ್ ನಿಂತಿತ್ತು. ತುಂಬ ನೀರು, ಫುಲ್ ಸ್ಪೀಡ್. ಆ ಗಾಳಿಗೆ ಥರ್ಮಾಮೀಟರ್ ಟಕಟಕ ಎಂದು ಗೋಡೆಗೆ ಬಡಿದುಕೊಳ್ಳುತ್ತಿತ್ತು. ಇಬ್ಬರು ಹಿರಿಯರು ಕನ್ನಡಕ ಏರಿಸಿಕೊಂಡು ಅದನ್ನೇ ದಿಟ್ಟಿಸುತ್ತಿದ್ದರು.

ಪಕ್ಕದ ಕೋಣೆಯಲ್ಲಿ ಏಳು ತಿಂಗಳ ಬಸುರಿ ನನ್ನ ಮಗಳು ರೂಪಾ. ಹಸಿರು ರೇಷ್ಮೆ ಸೀರೆ, ಕೈತುಂಬ ಹಸಿರು ಬಳೆ, ಮೈತುಂಬ ಬೆವರು.

ಆ ಕೂಲರ್ ಹತ್ತು ನಿಮಿಷದ ಹಿಂದೆ ಅವಳ ಕೋಣೆಯಲ್ಲಿತ್ತು.

ಹೀಗೂ ಉಂಟೇ ಅಂತೀರಾ? ಉಂಟು. ನಮ್ಮ ಮನೆಯಲ್ಲಿ ಉಂಟು. ಯಾರಿಗಾದರೂ ಹೇಳದಿದ್ದರೆ ನನ್ನ ತಲೆ ಸಿಡಿದುಹೋದೀತು, ಅದಕ್ಕೇ ಈ ವಾರದ ಅಂಕಣದಲ್ಲಿ ನಿಮಗೆ ಹೇಳುತ್ತಿದ್ದೇನೆ.

ನಮ್ಮ ಯಜಮಾನರಿಗೆ ವಿಜಯಪುರದ ಜೋರಾಪುರ ಪೇಟೆಯಲ್ಲಿ ಡ್ರಿಪ್ ಪೈಪಿನ ಅಂಗಡಿ. ನಾನು ಬಬಲೇಶ್ವರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಅದು ನಿಮಗೆ ಗೊತ್ತೇ ಇದೆ. ಮನೆ ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ. ನಾಲ್ಕು ವರ್ಷದ ಹಿಂದೆ ರೂಪಾಳನ್ನು ಕಲಬುರಗಿಗೆ ಕೊಟ್ಟೆವು. ಅಳಿಯ ಕಾಲೇಜು ಲೆಕ್ಚರರ್, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಅವನ ಅಪ್ಪ, ಅಂದರೆ ನಮ್ಮ ಬೀಗರಾದ ಶರಣಪ್ಪನವರು, ಆಡಿ ಮುಗಿಸುತ್ತಾರೆ. ತೊಗರಿ ಬೇಳೆಯ ವ್ಯಾಪಾರಸ್ಥರು, ಬಂಗಾರದಂಥ ಮನುಷ್ಯ. ಒಂದೇ ದೋಷವೆಂದರೆ ಅವರಿಗೆ ಕಲಬುರಗಿಗಿಂತ ದೊಡ್ಡ ಊರು ಜಗತ್ತಿನಲ್ಲಿಲ್ಲ.

ನಮ್ಮ ಯಜಮಾನರಿಗೂ ಅದೇ ದೋಷ. ಊರು ಮಾತ್ರ ಬೇರೆ.

ಮದುವೆಯ ಮಾತುಕತೆಯ ದಿನವೇ ಶುರುವಾಗಿತ್ತು. ಇವರು ಗೋಳಗುಮ್ಮಟ ಎಂದರೆ ಅವರು ಕೋಟೆ ಎಂದರು. ಇವರು ದ್ರಾಕ್ಷಿ ಎಂದರೆ ಅವರು ತೊಗರಿ. ಇವರು ನಮ್ಮ ಕಡೆ ಕಡಕ್ ರೊಟ್ಟಿಯನ್ನು ಹಾಳೆಯಷ್ಟು ತೆಳ್ಳಗೆ ಬಡಿಯುತ್ತಾರೆ ಎಂದರೆ, ಅವರು ರೊಟ್ಟಿ ಇರುವುದು ತಿನ್ನುವುದಕ್ಕೋ ಓದುವುದಕ್ಕೋ ಎಂದು ಕೇಳಿದರು. ಎಲ್ಲರೂ ನಕ್ಕೆವು. ಬೀಗರೆಂದ ಮೇಲೆ ಇಷ್ಟಾದರೂ ಇರಬೇಡವೇ ಅಂದುಕೊಂಡೆವು.

ಆದರೆ ಇವೆಲ್ಲ ಊಟದ ಹೊತ್ತಿನ ಜಗಳ. ಅಸಲಿ ಜಗಳ ಬಿಸಿಲಿನದು.

ಬೇರೆ ಊರಿನವರು ತಮ್ಮೂರು ಎಷ್ಟು ತಂಪು ಅಂತ ಹೇಳಿಕೊಂಡು ಉಬ್ಬುತ್ತಾರೆ. ನಾವು ಉಬ್ಬುವುದು ಬಿಸಿಲಿಗೆ. ಇಬ್ಬರೂ ಬೀಗರು ಮಾರ್ಚ್ ಬಂತೆಂದರೆ ದಿನಾ ಮಧ್ಯಾಹ್ನ ಎರಡು ಗಂಟೆಗೆ ಫ್ಯಾಮಿಲಿ ಗ್ರೂಪಿಗೆ ಮೊಬೈಲಿನ ಸ್ಕ್ರೀನ್‌ಶಾಟ್ ಹಾಕುತ್ತಿದ್ದರು. ಅವರದು ನಲವತ್ತೆರಡು ಬಂದರೆ ಇವರಿಗೆ ಊಟ ಸೇರುತ್ತಿರಲಿಲ್ಲ. ಮೊಬೈಲ್ ಸುಳ್ಳು ಹೇಳುತ್ತದೆ ಎಂದು ಇವರು ಒಂದು ಥರ್ಮಾಮೀಟರ್ ತಂದರು. ಸುದ್ದಿ ತಿಳಿದು ಅವರೂ ತಂದರು. ಹೋದ ವರ್ಷ ಒಂದು ದಿನ ಇವರು ಸೋಲುವ ಅಂದಾಜಾಗಿ, ಅಂಗಡಿ ಮುಚ್ಚಿ, ಬೈಕ್ ಹತ್ತಿ, ಇಟ್ಟಂಗಿಹಾಳದ ಬಯಲಿಗೆ ಹೋಗಿ, ನೆರಳಿಲ್ಲದ ಹೊಲದ ಬದುವಿನ ಮೇಲೆ ಥರ್ಮಾಮೀಟರ್ ಹಿಡಿದುಕೊಂಡು ನಿಂತು ಫೋಟೋ ತೆಗೆಸಿಕೊಂಡು ಬಂದರು. ಸಂಜೆ ತಲೆನೋವು. ಹಣೆಗೆ ಒದ್ದೆ ಬಟ್ಟೆ ಹಾಕಿದವಳು ನಾನು.

(ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಧಾರವಾಡದ ಕಡೆಯ ಟೀಚರೊಬ್ಬರು ನಮ್ಮ ಸ್ಟಾಫ್ ರೂಮಿನಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ನೀವೆಲ್ಲ ಇಲ್ಲಿ ಹೇಗೆ ಬದುಕುತ್ತೀರಿ ಎಂದಾಗ ನನಗೂ ಒಳಗೊಳಗೇ ಹೆಮ್ಮೆಯಾಗಿತ್ತು. ಬಿಸಿಲನ್ನು ನಾನೇ ಮಾಡಿಸಿ ಇಟ್ಟಿದ್ದೇನೇನೋ ಎಂಬಂತೆ.)

ಇಂಥ ಇಬ್ಬರಿಗೆ ಹೋದ ದೀಪಾವಳಿಯ ಹೊತ್ತಿಗೆ ಗೊತ್ತಾಯಿತು: ರೂಪಾ ಬಸುರಿ. ಹೆರಿಗೆ ಮೇ ಕೊನೆಗೆ.

ಮೇ. ಎರಡೂ ಊರಿನಲ್ಲಿ ಕಾಗೆ ಕೂಡ ಬಾಯಿ ತೆರೆದುಕೊಂಡು ಕೂರುವ ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದು ಪದ್ಧತಿ ಎಂದು ಇವರು. ಪದ್ಧತಿ ಇರಲಿ, ವಿಜಯಪುರದ ಬಿಸಿಲಿನಲ್ಲಿ ಹುಡುಗಿ ಬಾಡಿಹೋದಾಳು, ನಮ್ಮಲ್ಲೇ ಇರಲಿ ಎಂದು ಅವರು. ಈ ಮಾರ್ಚ್ ಬಂದಾಗ ನಡೆಯಿತು ನೋಡಿ ಚಮತ್ಕಾರ. ನಾಲ್ಕು ವರ್ಷ ನಮ್ಮೂರೇ ಹೆಚ್ಚು ಸುಡುತ್ತದೆ ಎಂದು ಬಡಿದಾಡಿದವರು ಒಂದೇ ವಾರದಲ್ಲಿ ಉಲ್ಟಾ ಹೊಡೆದರು. ಅಥಣಿ ರಸ್ತೆಯಲ್ಲಿ ಸಂಜೆ ಎಂಥ ಗಾಳಿ ಅಂತೀರಿ ಎಂದು ಇವರ ಮೆಸೇಜು. ಕಲಬುರಗಿಯಲ್ಲಿ ಈ ಸಲ ಬಿಸಿಲೇ ಇಲ್ಲ ಎಂದು ಅವರ ಮೆಸೇಜು. ಮಧ್ಯಾಹ್ನ ಎರಡರ ಸ್ಕ್ರೀನ್‌ಶಾಟ್ ಬೆಳಗಿನ ಐದಕ್ಕೆ ಬರತೊಡಗಿತು.

ನಿನಗೆ ಎಲ್ಲಿ ಇರಬೇಕು ಅನ್ನಿಸುತ್ತದೆ ಎಂದು ರೂಪಾಳನ್ನು ಯಾರು ಕೇಳಿದರು? ಯಾರೂ ಇಲ್ಲ. ನಾನೂ ಇಲ್ಲ. ತವರಿಗೇ ಬರುತ್ತಾಳೆ, ಅದರಲ್ಲಿ ಕೇಳುವುದೇನು ಎಂದುಕೊಂಡಿದ್ದೆ.

ಏಳರ ಕುಬ್ಸಕ್ಕೆ, ಅಂದರೆ ಏಳನೇ ತಿಂಗಳ ಸೀಮಂತಕ್ಕೆ, ಬುತ್ತಿ ಕಟ್ಟಿಕೊಂಡು ಕಲಬುರಗಿಗೆ ಹೋದೆವು. ಕುಬ್ಸ ಮುಗಿಸಿ ಮಗಳನ್ನು ಕರೆದುಕೊಂಡು ಬರುವುದು ಎಂದು ನಮ್ಮ ಲೆಕ್ಕ. ತಿಕೋಟಾದಿಂದ ನನ್ನ ಅವ್ವನೂ ಬಂದಿದ್ದಳು. ರೂಪಾಳಿಗೆ ಆಯಿ. ಅಲ್ಲಿ ನನ್ನ ತಮ್ಮನ ಸಂಸಾರದ ಜೊತೆ, ದ್ರಾಕ್ಷಿ ತೋಟದ ಮನೆಯಲ್ಲಿ ಇರುವವಳು. ಎಪ್ಪತ್ತಾರರ ವಯಸ್ಸಿನಲ್ಲಿ ಬುತ್ತಿಗೆ ನೂರಾ ಒಂದು ಸಜ್ಜೆ ರೊಟ್ಟಿ ತಾನೇ ನಿಂತು ತಟ್ಟಿಸಿದ್ದಳು.

ಪಡಸಾಲೆಯಲ್ಲಿ ಗಂಡಸರು, ಕೋಣೆಯಲ್ಲಿ ಹೆಂಗಸರು. ರೂಪಾಳನ್ನು ಮಣೆಯ ಮೇಲೆ ಕೂರಿಸಿ ಬಳೆ ತೊಡಿಸುತ್ತಿದ್ದರು. ದೀಪ ಆರದಿರಲೆಂದು ಫ್ಯಾನು ಬಂದ್. ಒಂದು ಮೂಲೆಯಲ್ಲಿ ಕೂಲರ್ ಇತ್ತು, ಅದೊಂದೇ ಆಸರೆ. ಅಷ್ಟರಲ್ಲಿ ಪಡಸಾಲೆಯಲ್ಲಿ ಇವರು ನಮ್ಮ ಪಕ್ಕದ ಮನೆಯವರಿಗೆ ಫೋನ್ ಹಚ್ಚಿ, ನಮ್ಮ ಮನೆಯ ಥರ್ಮಾಮೀಟರ್ ನೋಡಿ ಹೇಳಿರಿ ಎಂದರು. ಸ್ಪೀಕರಿನಲ್ಲಿ ಉತ್ತರ ಬಂತು. ಮೂವತ್ತೈದು.

"ಕೇಳಿದ್ರಿಲ್ರಿ ಬೀಗರ? ಮೂವತ್ತೈದ ಐತಿ. ಹುಡುಗಿ ನಮ್ಮಲ್ಲೇ ಆರಾಮ ಇರತಾಳ," ಎಂದರು ಇವರು.

(ವಾಪಸು ಬಂದ ಮೇಲೆ ನೋಡುತ್ತೇನೆ, ನಮ್ಮ ಥರ್ಮಾಮೀಟರ್ ತನ್ನ ಜಾಗದಲ್ಲಿರಲಿಲ್ಲ. ಅಂಗಳದ ಮೆಟ್ಟಿಲ ಕೆಳಗೆ, ನೀರಿನ ಮಣ್ಣಿನ ಹರವಿಗೆ ಒರಗಿ ನಿಂತಿತ್ತು. ಹೊರಡುವ ಮುಂಚೆ ಚಪ್ಪಲಿ ಮರೆತೆ ಎಂದು ಇವರು ಒಳಗೆ ಹೋದದ್ದು ಯಾತಕ್ಕೆಂದು ಆಗ ತಿಳಿಯಿತು.)

ಬೀಗರ ಪಡಸಾಲೆಯ ಥರ್ಮಾಮೀಟರ್ ನಲವತ್ತು ತೋರಿಸುತ್ತಿತ್ತು. ಅವರು ಸೋಲು ಒಪ್ಪುವ ಪೈಕಿಯೇ? ಇದು ಪಡಸಾಲೆಯ ಲೆಕ್ಕ, ಸೊಸೆ ಇರುವುದು ಕೂಲರ್ ಇರುವ ಕೋಣೆಯಲ್ಲಿ, ಅಲ್ಲಿನ ಲೆಕ್ಕ ಬೇರೆ ಎಂದರು. ಹಾಗಾದರೆ ಅದನ್ನು ತೋರಿಸಿ ಎಂದರು ಇವರು.

ಸರಿ, ಥರ್ಮಾಮೀಟರನ್ನು ಕೋಣೆಗೆ ಒಯ್ದರೆ ಮುಗಿಯಿತಲ್ಲ? ಆದರೆ ಒಳಗೆ ಹೆಂಗಸರು ಕುಬ್ಸಕ್ಕೆ ಕೂತಿದ್ದಾರೆ. ಅಲ್ಲಿಗೆ ಗಂಡಸರು ಹೋಗುವ ಹಾಗಿಲ್ಲ. ಹೆಂಗಸರ ಕೈಯಲ್ಲಿ ಕೊಟ್ಟು ಕಳಿಸಬಹುದಿತ್ತು. ಅವರಿಗೆ ಅಂಕಿ ಓದಲು ಬರುವುದಿಲ್ಲವಂತೆ, ಪಾಯಿಂಟು ತಪ್ಪಿಸುತ್ತಾರಂತೆ. ನಾನು ಅಲ್ಲೇ ಅಡುಗೆಮನೆಯಲ್ಲಿದ್ದೆ, ಮೂವತ್ತು ವರ್ಷ ಗಣಿತ ಕಲಿಸಿದವಳು.

ಹೀಗಾಗಿ ಥರ್ಮಾಮೀಟರ್ ಕೂಲರಿನ ಬಳಿ ಹೋಗಲಿಲ್ಲ. ಕೂಲರೇ ಥರ್ಮಾಮೀಟರಿನ ಬಳಿ ಬಂತು. ಐದೇ ನಿಮಿಷ ಎಂದು ಬೀಗರು ಕೂಗಿದರು. ಗಾಲಿಯ ಕೂಲರ್, ಬೀಗಿತ್ತಿ ಪಾಪ ಹೊಸಿಲಿನ ತನಕ ತಳ್ಳಿಕೊಟ್ಟರು.

ಅಷ್ಟು ಹೊತ್ತು ನಾನಾದರೂ ಏನು ಮಾಡುತ್ತಿದ್ದೆ? ಅಡುಗೆಮನೆಯಲ್ಲಿ ಬುತ್ತಿ ಬಿಚ್ಚಿ, ಕಲಬುರಗಿಯ ಹೆಂಗಸರಿಗೆ ನಮ್ಮ ರೊಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸುತ್ತಿದ್ದೆ. ನೋಡಿ, ಆಚೆಯ ಬೆಳಕು ಕಾಣುತ್ತದೆ, ಇಷ್ಟು ತೆಳ್ಳಗೆ ಎಂದು. ಈಗ ನೆನೆದರೆ ಮೈ ಉರಿಯುತ್ತದೆ.

ಅವ್ವ ಒಳಗಿನಿಂದ ನನ್ನ ಹೆಸರು ಹಿಡಿದು ಕರೆದಳು. ಅವಳು ಯಾವತ್ತೂ ಹಾಗೆ ಕರೆಯುವವಳಲ್ಲ. ಓಡಿದೆ. ರೂಪಾ ಮಣೆಯ ಮೇಲಿನಿಂದ ಪಕ್ಕಕ್ಕೆ ವಾಲಿ ಅವ್ವನ ಮಡಿಲಿಗೆ ಬಿದ್ದಿದ್ದಳು. ಕಣ್ಣು ಅರೆ ಮುಚ್ಚಿತ್ತು, ತುಟಿ ಬಿಳಿಚಿತ್ತು. ಅವ್ವ ಬುತ್ತಿಯ ಬುಟ್ಟಿಯ ಮುಚ್ಚಳದಿಂದ ಗಾಳಿ ಹಾಕುತ್ತಿದ್ದಳು. ಕೂಲರ್ ಎಲ್ಲಿ ಎಂದು ಪಡಸಾಲೆಗೆ ಬಂದರೆ, ಮೊದಲೇ ಹೇಳಿದೆನಲ್ಲ, ಆ ದೃಶ್ಯ.

"ಮೂವತ್ತಮೂರಕ್ಕ ಬಂತ್ರಿ, ಇನ್ನೂ ಇಳೀಲತ್ತದ," ಎನ್ನುತ್ತಿದ್ದರು ಬೀಗರು. ಇದು ಮೋಸ ಎನ್ನುತ್ತಿದ್ದರು ನಮ್ಮ ಯಜಮಾನರು.

ಆ ಹೊತ್ತಿಗೆ ಮಾಲೆ ತರಲು ಹೋಗಿದ್ದ ಅಳಿಯ ಬಾಗಿಲಲ್ಲಿ ಕಾಣಿಸಿಕೊಂಡ. ಥರ್ಮಾಮೀಟರ್ ನೋಡಿದ, ಕೂಲರ್ ನೋಡಿದ, ನನ್ನ ಮುಖ ನೋಡಿದ. ಹೂವಿನ ಪೊಟ್ಟಣವನ್ನು ಅಪ್ಪನ ಕೈಗಿಟ್ಟು, ಕೂಲರನ್ನು ದೂಡಿಕೊಂಡು ಸೀದಾ ಹೆಂಗಸರ ಕೋಣೆಗೆ ನುಗ್ಗಿದ. ಗಂಡಸರು ಹೋಗಬಾರದು ಎಂದು ಯಾರೂ ಅನ್ನಲಿಲ್ಲ.

ಉಪ್ಪು ಹಾಕಿದ ಮಜ್ಜಿಗೆ ಕುಡಿಸಿದೆವು. ಸೀರೆ ಬದಲಿಸಿದೆವು. ಡಾಕ್ಟರಮ್ಮ ಬಂದು ನೋಡಿ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ, ಸೆಕೆಗೆ ಹೀಗಾಗಿದೆ, ಗಾಳಿ ಆಡುವಲ್ಲಿ ಮಲಗಿಸಿ ಎಂದರು. ಗಾಳಿ ಆಡುವಲ್ಲಿ! ಇಬ್ಬರು ಹಿರಿಯರೂ ನೆಲ ನೋಡುತ್ತ ನಿಂತಿದ್ದರು. ಬೈಯಬೇಕೆಂದಿದ್ದೆ. ಆದರೆ ನಾನು ಬೆಳಕಿಗೆ ಹಿಡಿದಿದ್ದ ರೊಟ್ಟಿಯ ಚೂರು ಇನ್ನೂ ನನ್ನ ಸೆರಗಿನಲ್ಲೇ ಇತ್ತು.

ಸಂಜೆ ರೂಪಾ ಎದ್ದು ದಿಂಬಿಗೆ ಒರಗಿ ಕುಳಿತಳು. ಇಬ್ಬರನ್ನೂ ಒಳಗೆ ಕರೆಸಿದಳು. ಕೋಪವಿರಲಿಲ್ಲ, ಸುಸ್ತಿತ್ತು.

"ಅಪ್ಪಾ, ಮಾವಾರ, ನಾಲ್ಕ ವರ್ಷದ ನಿಮ್ಮ ಮೆಸೇಜ್ ಎಲ್ಲಾ ನನ್ನ ಫೋನಿನ್ಯಾಗ ಅದಾವ. ಎರಡೂ ಊರಾಗ ಮನಷ್ಯಾರು ಇರಾಕ ಆಗಂಗಿಲ್ಲಂತ ನೀವ ಬರದೀರಿ."

ಅವಳು ಅವ್ವನ ಕಡೆ ತಿರುಗಿ, ಆಯಿ, ನಿಮ್ಮ ತಿಕೋಟಾದಲ್ಲಿ ಬಿಸಿಲು ಹೇಗಿದೆ ಎಂದು ಕೇಳಿದಳು.

"ಕೆಟ್ಟ ಬಿಸಲೈತಿ ಬೇ," ಎಂದಳು ಅವ್ವ. "ಬಿಸಲಿಲ್ಲಂದ್ರ ದ್ರಾಕ್ಷಿ ಹೆಂಗ ಒಣಗತಾವ? ನೆಲಕ್ಕ ನೀರ ಹೊಡದು, ಬಾಗಲಕ್ಕ ತೊಯ್ಸಿದ ಚಾದರ ಕಟ್ಟತೀನಿ. ಸಂಜೀಕ ಬೇವಿನ ಗಿಡದ ಬುಡಕ ಹೊರಸ ಹಾಕಿ, ನಿನ್ನ ಬಾಜೂಕ ನಾನೂ ಕುಂಡರತೀನಿ."

ರೂಪಾ ಅಲ್ಲಿಗೇ ಹೋಗುತ್ತೇನೆ ಎಂದಳು. ಬಿಸಿಲಿದೆ ಎಂದು ಒಪ್ಪಿಕೊಂಡದ್ದು ಅದೊಂದೇ ಮನೆ. ಅಳಿಯನೇ ಕಾರಿನಲ್ಲಿ ಬೆಳಗಿನ ತಂಪಿನಲ್ಲಿ ಕರೆದುಕೊಂಡು ಬಂದ. ವಿಜಯಪುರದ ಡಾಕ್ಟರಿಗೆ ಅಲ್ಲಿಂದ ಅರ್ಧ ಗಂಟೆಯ ದಾರಿ, ಹೆರಿಗೆಯ ದಿನ ಹತ್ತಿರ ಬಂದಾಗ ಆಸ್ಪತ್ರೆಯ ಪಕ್ಕದಲ್ಲೇ ಇರುವುದು ಎಂದು ಅವನೂ ಅವಳೂ ಕೂತು ತೀರ್ಮಾನಿಸಿದ್ದಾರೆ. ನಾವು ಯಾರೂ ಬಾಯಿ ಹಾಕಲಿಲ್ಲ.

ಇಷ್ಟಕ್ಕೆ ಬುದ್ಧಿ ಬಂತು ಅಂದುಕೊಂಡಿರಾ? ಮರುವಾರವೇ ಶರಣಪ್ಪನವರು ಆ ಕೂಲರನ್ನು ಟೆಂಪೋದಲ್ಲಿ ಹಾಕಿಸಿ ತಿಕೋಟಾಕ್ಕೆ ಕಳಿಸಿದರು. ತಪ್ಪು ಒಪ್ಪಿಕೊಳ್ಳುವ ಅವರ ರೀತಿ ಅದು ಎಂದು ನನ್ನ ಕಣ್ಣು ತುಂಬಿತ್ತು. ಅಷ್ಟರಲ್ಲಿ ನಮ್ಮ ಯಜಮಾನರು ಗ್ರೂಪಿನಲ್ಲಿ ಬರೆದರು, ತಿಕೋಟಾ ವಿಜಯಪುರ ಜಿಲ್ಲೆಯದು, ಆದ್ದರಿಂದ ಗೆದ್ದವರು ನಾವು ಎಂದು. ಎರಡೇ ನಿಮಿಷಕ್ಕೆ ಕಲಬುರಗಿಯಿಂದ ಉತ್ತರ: ಊರು ನಿಮ್ಮದಿರಬಹುದು, ಗಾಳಿ ನಮ್ಮದು.

ಇವರು ಬಿಟ್ಟಾರೆಯೇ? ನಮ್ಮ ಥರ್ಮಾಮೀಟರನ್ನು ಹರವಿಯ ಸಂದಿಯಿಂದ ತೆಗೆದು, ಒರೆಸಿ, ರೂಪಾಳ ಕೋಣೆಯಲ್ಲಿ ಹಾಕು ಎಂದು ನನ್ನ ಕೈಗೆ ಕೊಟ್ಟರು. ಕಾಳಜಿಯೇ, ಇಲ್ಲ ಅನ್ನುವುದಿಲ್ಲ. ಆದರೆ ಅಳತೆ ಮಾಡದೆ ಕಾಳಜಿ ಮಾಡುವುದು ಈ ಗಂಡಸರಿಗೆ ಯಾಕೆ ಬರುವುದಿಲ್ಲವೋ. ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಒಣದ್ರಾಕ್ಷಿಯ ಶೆಡ್ಡಿಗೆ ಒಯ್ದು ಕಂಬಕ್ಕೆ ಕಟ್ಟಿದಳು. ಅಲ್ಲಾದರೂ ಅದಕ್ಕೊಂದು ಕೆಲಸವಿದೆ.

ನಿನ್ನೆ ಭಾನುವಾರ ನಾನು ತಿಕೋಟಾದಲ್ಲಿದ್ದೆ. ಬೇವಿನ ಕೆಳಗೆ ಹೊರಸಿನ ಮೇಲೆ ರೂಪಾ ಕಾಲು ಚಾಚಿ ಮಲಗಿದ್ದಳು, ಅವ್ವ ಪಾದ ಒತ್ತುತ್ತಿದ್ದಳು. ಇವರ ಫೋನ್ ಬಂತು. ಮಗಳ ಕೈಗೆ ಕೊಟ್ಟೆ. ಅತ್ತಲಿಂದ ಮೊದಲ ಮಾತೇ, ಇವತ್ತು ಅಲ್ಲಿ ಎಷ್ಟಿದೆ ಎಂದು.

ರೂಪಾ ಹೇಳಿದಳು: "ಅಪ್ಪಾ, ಎಷ್ಟೈತಿ ಅಂತ ಶೆಡ್ಡಿನ ಕಂಬಕ್ಕ ಕೇಳು. ಹೆಂಗದೀ ಅಂತ ನನಗ ಕೇಳು."